ಮುಕಾದಮನ ಮಾತು

ಶರಣಬಸಪ್ಪ ಬಾಯಿ ತೆರೆದರೆ ಮುಂಬೈಯ ಗೋರೆಗಾಂವಿನ ನಾಕಾದಲ್ಲಿ ಮಂದಿ ಬೀಡಿ ಆರಿಸಿ ಕೇಳುತ್ತಿದ್ದರು. ಹಾಗೆಂದು ಹೇಳುತ್ತಿದ್ದವನು ಶರಣಬಸಪ್ಪನೇ. ಹೆಂಡತಿ ಸೋಮವ್ವನಿಗೆ ಹೇಳುತ್ತಿದ್ದ, ಊರಿಂದ ಬಂದ ನೆಂಟರಿಗೆ ಹೇಳುತ್ತಿದ್ದ, ಲೋಕಲ್ ರೈಲಿನಲ್ಲಿ ಪಕ್ಕದಲ್ಲಿ ಜೋತುಬಿದ್ದ ಗುರುತಿಲ್ಲದವನಿಗೂ ಹೇಳುತ್ತಿದ್ದ. ಅವನ ಜಂಬದಲ್ಲಿ ಸುಳ್ಳು ತೀರಾ ಹೆಚ್ಚೇನೂ ಇರಲಿಲ್ಲ. ಸಿಂದಗಿ ಕಡೆಯಿಂದ ಹರೆಯದಲ್ಲಿ ಬಂದು, ಸಿಮೆಂಟಿನ ಬುಟ್ಟಿ ಹೊತ್ತು, ಒಂದೊಂದೇ ಮೆಟ್ಟಿಲು ಹತ್ತಿ ಮುಕಾದಮನಾದವನು ಅವನು. ಬೆಳಗಾದರೆ ನಾಕಾದಲ್ಲಿ ಕೂಲಿಗಾಗಿ ಕಾದು ನಿಂತ ತನ್ನ ಸೀಮೆಯ ಹೆಣ್ಣು ಗಂಡುಗಳನ್ನು ಗುಂಪು ಕಟ್ಟಿ, ಯಾರು ಯಾವ ಬಿಲ್ಡಿಂಗಿಗೆ ಹೋಗಬೇಕೆಂದು ಗೊತ್ತು ಮಾಡುವವನು ಅವನೇ. ಯಾರಾದರೂ ಪರಾಂಚಿಯ ಅಟ್ಟಣಿಗೆಯಿಂದ ಬಿದ್ದರೆ ಪರೇಲಿನ ಆಸ್ಪತ್ರೆಯವರೆಗೆ ಜೊತೆಗೆ ಹೋಗುವವನು, ಎಲ್ಲರ ವೋಟರ್ ಕಾರ್ಡಿಗೆ ಆಫೀಸುಗಳ ಬಾಗಿಲು ಕಾದವನು, ಎಲ್ಲ ಅವನೇ. ಹೀಗಿದ್ದ ಮೇಲೆ ಚುನಾವಣೆ ಬಂದಾಗ ವೋಟು ಯಾರಿಗೆಂದು ಹೇಳುವ ಹಕ್ಕು ತನ್ನದಲ್ಲದೆ ಇನ್ಯಾರಪ್ಪನದು ಎಂದು ಅವನು ತಿಳಿದಿದ್ದ. ಹೇಳುತ್ತಲೂ ಇದ್ದ. ಮಂದಿ "ಹೂಂ ಅಣ್ಣಾ" ಎನ್ನುತ್ತಲೂ ಇದ್ದರು.

ಅವನಿಗೆ ಇದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು. ಮಗಳು ಶಿವಕುಮಾರಿ ರಾಜ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಪಿಎಚ್‌ಡಿ ಎಂದರೇನೆಂದು ನಾಕಾದಲ್ಲಿ ಯಾರಾದರೂ ಕೇಳಿದರೆ "ಡಾಕ್ಟರ್ ಆಗ್ತಾಳ, ಸೂಜಿ ಚುಚ್ಚೋ ಡಾಕ್ಟರ್ ಅಲ್ಲ, ಅವ್ರಿಗೂ ಪಾಠ ಹೇಳೋ ಡಾಕ್ಟರ್" ಎಂದು ಒಂದಿಷ್ಟು ಮಸಾಲೆ ಸೇರಿಸಿಯೇ ಹೇಳುತ್ತಿದ್ದ. ಅವಳ ವಿಷಯವೇನೆಂದು ತಿಳಿದ ದಿನವಂತೂ ಅವನಿಗೆ ನೆಲ ಕಾಣಲಿಲ್ಲ. ಮುಂಬೈಗೆ ದುಡಿಯಲು ಬಂದು ನೆಲೆಯಾದವರು ವೋಟು ಹಾಕುವಾಗ ಯಾರ ಮಾತು ಕೇಳುತ್ತಾರೆ ಎಂಬುದೇ ಅವಳ ಸಂಶೋಧನೆ.

"ಮುಕಾದಮ ಹೇಳ್ದಂಗ ಹಾಕ್ತಾರ ಅಂತ ದೊಡ್ಡ ದೊಡ್ಡ ಪ್ರೊಫೆಸರ್ ಲೋಗ್ ಬರದಾರಪ್ಪಾ" ಎಂದಳು ಶಿವಕುಮಾರಿ. ಅವಳ ಕನ್ನಡದಲ್ಲಿ ಮರಾಠಿ, ಹಿಂದಿ ಎರಡೂ ಕೈಯಾಡಿಸಿ ಹೋಗುತ್ತಿದ್ದವು.

"ಅದಕ್ಕ ಪುಸ್ತಕ ಯಾಕ ಬೇಕಿತ್ತು? ನನ್ನ ಕೇಳಿದ್ರ ಹೇಳ್ತಿದ್ದೆ."

"ಅದೇ ಪ್ರಾಬ್ಲಂ. ಅವ್ರು ಮುಕಾದಮರನ್ನ ಕೇಳಿ ಬರದಾರ. ಮಂದೀನ ಯಾರೂ ನೀಟ್ ಕೇಳಿಲ್ಲ. ನಾ ಮಂದೀನ ಕೇಳ್ತೀನಿ."

"ಕೇಳವ್ವಾ, ಬೇಕಾದಷ್ಟು ಕೇಳು. ಅವ್ರೂ ಅದನ್ನ ಹೇಳ್ತಾರ."

ಮಗಳು ಕೂಲಿಯವರ ಬಸ್ತಿಯ ಮನೆಮನೆಗೂ ಹೋದಳು. ತಾನು ಹುಟ್ಟಿ ಬೆಳೆದ ಗಲ್ಲಿಗಳೇ. ಹೋದ ವಿಧಾನಸಭೆ ಚುನಾವಣೆಯಲ್ಲಿ ಮುಕಾದಮ ಹೇಳಿದವರಿಗೆ ವೋಟು ಹಾಕಿದಿರೋ, ನಿಮ್ಮ ಮನಸ್ಸಿಗೆ ಬಂದವರಿಗೆ ಹಾಕಿದಿರೋ ಎಂಬುದು ಅವಳ ಮುಖ್ಯ ಪ್ರಶ್ನೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುತ್ತಿತ್ತು. "ಅಣ್ಣ ಹೇಳಿದ ಮ್ಯಾಲ ಮುಗೀತಲ್ಲ ತಂಗಿ!" ಚಹಾ ಬರುತ್ತಿತ್ತು, ಶೇಂಗಾ ಉಂಡಿ ಬರುತ್ತಿತ್ತು. ನಾಡಿನ ಹೆಣ್ಣುಮಗಳು ಹೊಸ್ತಿಲಿಗೆ ಬಂದರೆ ಬರಿಗೈಯಲ್ಲಿ ಕಳಿಸುವ ರೂಢಿ ಅವರಲ್ಲಿಲ್ಲ. ಹೊರಡುವಾಗ ಓಡನಿಯ ಸೆರಗಿಗೆ ಒಬ್ಬರು ಕುಬಸದ ಖಣ ಹಾಕಿದರೆ ಇನ್ನೊಬ್ಬರು ಕೊಬ್ಬರಿ ಬಟ್ಟಲು ಹಾಕುತ್ತಿದ್ದರು.

ಸುದ್ದಿ ಶರಣಬಸಪ್ಪನ ಕಿವಿಗೆ ಬೀಳುತ್ತಲೇ ಇತ್ತು. ಅವನದು ಒಂದೇ ಕೊರಗು. "ಪುಸ್ತಕದಾಗ ನನ್ನ ಹೆಸರ ದೊಡ್ಡ ಅಕ್ಷರದಾಗ ಹಾಕ್ತೀಯಿಲ್ಲೋ?"

"ಹೆಸರ ಹಾಕಂಗಿಲ್ಲಪ್ಪಾ. ಒಬ್ಬ ಮುಕಾದಮ ಅಂತ ಬರೀತೀನಿ, ಅಷ್ಟೇ. ಅದು ನಮ್ಮ ರೂಲ್. ಯಾರಿಗೂ ತ್ರಾಸ ಆಗಬಾರ್ದು."

ಇಂಥ ಒಳ್ಳೆಯ ಹೆಸರಿನಿಂದ ಯಾರಿಗೆ ತ್ರಾಸ ಎಂದು ಅವನಿಗೆ ಅರ್ಥವಾಗಲಿಲ್ಲ. ರೂಲು ಮಗಳಿಗಿರಬಹುದು, ತನಗೇನಿಲ್ಲವಲ್ಲ ಎಂದುಕೊಂಡು ಆ ಕೊರತೆಯನ್ನು ತಾನೇ ತುಂಬಿದ. ಯೂನಿವರ್ಸಿಟಿಯವರು ಬರೆಯುತ್ತಿರುವ ಪುಸ್ತಕದಲ್ಲಿ ಒಬ್ಬ ಮುಕಾದಮ ಅಂತ ಬರುತ್ತದಲ್ಲ, ಅವನು ನಾನೇ ಎಂದು ನಾಕಾದಲ್ಲಿ, ಚಹಾದ ಟಪರಿಯಲ್ಲಿ, ದಾದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಡಂಗುರ ಹೊಡೆದ. ವಾರ್ಡಿನ ಟಿಕೆಟಿನ ಮೇಲೆ ಕಣ್ಣಿಟ್ಟಿದ್ದ ಸದಾನಂದನೆಂಬ ಪುಢಾರಿಗೂ ಇದು ಮುಟ್ಟಿತು. ಅವನು ಒಂದು ಸಭೆಯಲ್ಲಿ ಶರಣಬಸಪ್ಪನನ್ನು ವೇದಿಕೆಗೆ ಕರೆದು, ಮುಂದಿನ ಸಾಲಿನ ಕುರ್ಚಿ ಕೊಟ್ಟು, ಶಾಲು ಹೊದಿಸಿದ. ಆ ಶಾಲನ್ನು ಮನೆಯಲ್ಲಿ ಮೊಳೆಗೆ ತೂಗುಹಾಕಿದ್ದಾಯಿತು. ಬಂದವರ ಕಣ್ಣಿಗೆ ಬೀಳದಿದ್ದರೆ ಶರಣಬಸಪ್ಪ ಒಮ್ಮೆ ಕೆಮ್ಮುತ್ತಿದ್ದ.

ಕೊನೆಯ ಮನೆ ನಿಂಗಣ್ಣನದು. ನಿಂಗಣ್ಣ ಶರಣಬಸಪ್ಪನ ಗುಂಪಿನ ಹಳೇ ಆಳು, ಅವನ ಜೊತೆಗೇ ಬುಟ್ಟಿ ಹೊತ್ತವನು. ಅವನ ಹೆಂಡತಿ ಮಹಾದೇವಿ ಕೊಟ್ಟ ಖಣವನ್ನು ತೊಡೆಯ ಮೇಲಿಟ್ಟುಕೊಂಡು ಶಿವಕುಮಾರಿ ತಮ್ಮ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು. ಕೆಲಸದಿಂದ ಬಂದ ಶರಣಬಸಪ್ಪ ಕಾಲು ತೊಳೆಯುತ್ತ ಕೇಳಿದ. "ಮಾರಿ ಯಾಕ ಸಣ್ಣ ಮಾಡ್ಕೊಂಡೀಯವ್ವಾ?"

"ಅಪ್ಪಾ, ಎಲ್ಲಾರೂ ಹೌದು ಅಂದ್ರು. ಒಬ್ಬರೂ ಇಲ್ಲ ಅನ್ಲಿಲ್ಲ."

"ಛಲೋನೇ ಆತಲ್ಲ!"

"ಛಲೋ ಹ್ಯಾಂಗಪ್ಪಾ? ಚಹಾಕ್ಕ ಸಕ್ರಿ ಎಷ್ಟಂತ ಕೇಳಿದ್ರ ನಮ್ಮ ಮಂದಿ ಜಗಳ ಆಡ್ತಾರ. ಇದೊಂದು ಮಾತಿಗೆ ಎಲ್ಲಾರೂ ಒಂದೇ ಆಗ್ಯಾರಂದ್ರ?" ಅವಳು ಖಣವನ್ನು ಎತ್ತಿ ತೋರಿಸಿದಳು. "ಮನಿ ಮಗಳು ಖಾಲಿ ಕೈಲೆ ಹೋಗಬಾರ್ದಂತ ಇದನ್ನ ಕೊಟ್ರು. ಉತ್ತರಾನೂ ಹಂಗೇ ಕೊಟ್ಟು ಕಳಿಸಿದ್ರೇನೋ ಅಂತ ಡೌಟ್ ಬರಾಕತ್ತದ. ಮುಕಾದಮನ ಮಗಳ ಮುಂದ ನಿಂತು, ನಿಮ್ಮಪ್ಪನ ಮಾತ ನಾವ್ ಕೇಳಂಗಿಲ್ಲ ಅಂತ ಯಾರ್ ಹೇಳ್ತಾರ?"

ಶರಣಬಸಪ್ಪನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. "ಅಂದ್ರ ನನ್ನ ಮಾತಿನ ಮ್ಯಾಲ ನಿನಗ ಸಂಶಯ!"

"ನಿನ್ನ ಮ್ಯಾಲ ಅಲ್ಲಪ್ಪಾ, ನನ್ನ ಮ್ಯಾಲ. ಕೇಳಿದಾಕಿ ನಾನಲ್ಲ? ನಾ ಕೇಳಿದ್ದಕ್ಕೇ ಹಂಗ ಹೇಳಿದ್ರೇನೋ."

ಅವನು ತಂಬಿಗೆಯನ್ನು ಕುಕ್ಕಿ ಇಟ್ಟ. ಶಿವಕುಮಾರಿ ಹೆದರಲಿಲ್ಲ. ಆ ಮೂಗು ಅವಳಿಗೂ ಬಂದಿತ್ತು. "ನೀ ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್ ಮಾಡಿದ ಮ್ಯಾಲ ಏನ್ ಮಾಡ್ತಿ?" ಎಂದು ಕೇಳಿದಳು.

ಕೆಲಸದ ಮಾತೆಂದರೆ ಅವನು ಸಿಟ್ಟನ್ನೂ ಮರೆಯುತ್ತಿದ್ದ. ಅವನ ಗುಂಪಿನ ಮುಖ್ಯ ಕಸುಬೇ ಅದು, ಬಿಲ್ಡಿಂಗುಗಳ ಬಾತ್‌ರೂಮು ಮತ್ತು ಟೆರೇಸು ಸೋರದಂತೆ ಮಾಡುವುದು. "ನೀರ ತುಂಬಿ ನಿಲ್ಲಸ್ತೀನಿ. ಮರುದಿನ ಕೆಳಗಿನ ಮನಿಗೆ ಹೋಗಿ ಮಾಳಿಗಿ ನೋಡ್ತೀನಿ. ಯಾರ ಮಾತೂ ನಂಬಂಗಿಲ್ಲ, ನಾನೇ ಹೋಗ್ತೀನಿ."

"ಮ್ಯಾಲ ನಿಂತು ನೋಡಿದ್ರ ಆಗಂಗಿಲ್ಲೇನು?"

"ಮ್ಯಾಲಿಂದ ನೋಡಿದ್ರ ನೀರ ನಿಂತಂಗೇ ಕಾಣಸ್ತದ. ಸೋರೋದು ಕೆಳಗಿನವ್ರಿಗೆ ಗೊತ್ತಾಗತದ."

"ನಾ ಈಗ ಮ್ಯಾಲ ನಿಂತೀನಪ್ಪಾ. ಕೆಳಗಿನ ಮನಿಗೆ ಹೋಗಬೇಕು."

ಶರಣಬಸಪ್ಪ ಕಾಲು ಒರೆಸಿಕೊಂಡು ಅವಳ ಪಕ್ಕ ಕೂತ. ಅವಳ ಪಿಎಚ್‌ಡಿಗೆ ದಾರಿ ತೋರಿಸುವ ಗೈಡ್ ಮೇಡಂ ಕೂಡ ಇಷ್ಟು ಸಾಕು ಅಂದಿದ್ದರಂತೆ. ದೊಡ್ಡವರು ಬರೆದದ್ದಕ್ಕೆ ಸರಿಯಾಗಿ ತಾಳೆಯಾಗಿದೆ, ಅಚ್ಚಿಗೆ ಕಳಿಸು ಅಂದಿದ್ದರಂತೆ. ಮಗಳೇ ಬೇಡವೆಂದಿದ್ದಳು. ಅವನಿಗೆ ಇದೆಲ್ಲ ಬೇಡದ ಉಸಾಬರಿ ಎನಿಸಿತು. ಆದರೂ ಕೇಳಿದ. "ನೋಡಿದ ಮ್ಯಾಲ, ಸೋರತಿದ್ರ?"

"ಸೋರತದ ಅಂತ ಬರೀತೀನಿ" ಎಂದಳು ಮಗಳು.

ಕೆಳಗಿನ ಮನೆಗೆ ಹೋಗುವ ದಾರಿಯನ್ನು ಅವಳು ಹೀಗೆ ಕಂಡುಕೊಂಡಳು. ಬಸ್ತಿಯ ಮತದಾರರನ್ನು ಎರಡು ಪಾಲು ಮಾಡಿದಳು. ಯಾರು ಯಾವ ಪಾಲಿಗೆ ಎಂಬುದನ್ನು ಚೀಟಿ ಎತ್ತಿ ಗೊತ್ತು ಮಾಡಿದಳು. ತನಗೆ ಬೇಕಾದವರನ್ನು ತಾನೇ ಆರಿಸಿಕೊಂಡರೆ ಫಲವೂ ತನಗೆ ಬೇಕಾದಂತೆಯೇ ಬರುತ್ತದಲ್ಲ. ಒಂದು ಪಾಲಿನವರನ್ನು ಅವಳೇ ಮತ್ತೆ ಎದುರಿಗೆ ಕೂತು ಕೇಳಿದಳು. ಇನ್ನೊಂದು ಪಾಲಿಗೆ ಅವಳ ಜೊತೆ ಓದುವ ಯಾಸ್ಮೀನ ಹೋದಳು. ಕಲಬುರಗಿ ಮೂಲದ ಕುರ್ಲಾದ ಹುಡುಗಿ. ಕನ್ನಡ, ದಖನಿ ಎರಡೂ ಬಲ್ಲವಳು, ಆದರೆ ಬಸ್ತಿಗೆ ಹೊಸಬಳು. ಅವಳ ಕೈಯಲ್ಲಿ ಸೋಮವ್ವನ ಹಿಟ್ಟಿನ ಡಬ್ಬಿ. ಅದರ ಮುಚ್ಚಳಕ್ಕೆ ಸೀಳು ಕೊಯ್ದು ಬೀಗ ಹಾಕಿದ್ದರು, ಅದಕ್ಕಾಗಿ ಸೋಮವ್ವ ಬೈದದ್ದೂ ಆಗಿತ್ತು. ಒಬ್ಬೊಬ್ಬರಿಗೂ ಎರಡು ಚೀಟಿ ಕೊಡುವುದು. ಮುಕಾದಮ ಹೇಳಿದಂತೆ ವೋಟು ಹಾಕಿದ್ದರೆ ಕೆಂಪು, ತಮ್ಮ ಮನಸ್ಸಿನಂತೆ ಹಾಕಿದ್ದರೆ ಬಿಳಿ. ಪರದೆಯ ಹಿಂದೆ ಹೋಗಿ ಒಂದನ್ನು ಡಬ್ಬಿಗೆ ಹಾಕಿ, ಇನ್ನೊಂದನ್ನು ಹರಿದು ಎಸೆದು ಬರಬೇಕು. ಯಾರು ಏನು ಹಾಕಿದರೆಂದು ಯಾಸ್ಮೀನಳಿಗೂ ತಿಳಿಯದು, ದೇವರಿಗೂ ಕಷ್ಟವೇ. ಇದಕ್ಕೆಲ್ಲ ಮುಂಚೆ, ಏನು ಫಲ ಬರಬಹುದೆಂಬ ತನ್ನ ಊಹೆಯನ್ನು ಶಿವಕುಮಾರಿ ಬರೆದು ಗೈಡ್ ಮೇಡಂಗೆ ಕಳಿಸಿದ್ದಳು. ಫಲ ಬಂದ ಮೇಲೆ "ನನಗೆ ಮೊದಲೇ ಗೊತ್ತಿತ್ತು" ಎಂದು ಜಾಣತನ ತೋರಿಸಲು ದಾರಿ ಇರಬಾರದೆಂದು.

ಒಂದು ಭಾನುವಾರ ಶರಣಬಸಪ್ಪ ಊಟಕ್ಕೆ ಕೂತಾಗ ಅವಳು ಎದುರಿಗೆ ಬಂದು ಕೂತಳು. ಬೇರೆ ಯಾರಿಂದಲೋ ತಿಳಿಯುವುದಕ್ಕಿಂತ ತನ್ನಿಂದಲೇ ತಿಳಿಯಲಿ ಎಂದು ಬಂದಿದ್ದಳು.

"ನನ್ನ ಮುಂದ ಮತ್ತ ಎಲ್ಲಾರೂ ಹೌದು ಅಂದ್ರಪ್ಪಾ. ಡಬ್ಬಿ ಒಳಗ ನಾಕರಾಗ ಮೂರು ಬಿಳಿ."

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಆ ಹುಡಿಗಿಗೆ ಕೇಳಾಕ ಬಂದಿಲ್ಲ" ಎಂದ. ಆಮೇಲೆ "ಮಂದಿಗೆ ಬಣ್ಣ ತಿಳಿದಿಲ್ಲ" ಎಂದ.

ಒಲೆಯ ಮುಂದಿದ್ದ ಸೋಮವ್ವ ತಿರುಗಿಯೂ ನೋಡದೆ ಹೇಳಿದಳು. "ಮನ್ಯಾಗಿದ್ದ ನಾನೇ ನೀ ಹೇಳ್ದಂಗ ಹಾಕಿಲ್ಲ. ನಾಕಾದ ಮಂದಿ ಹಾಕ್ತಾರೇನು?"

ಶರಣಬಸಪ್ಪನಿಗೆ ಈಗ ಇನ್ನೊಂದು ಹೊಳೆಯಿತು. ಆ ಒಬ್ಬ ಮುಕಾದಮ ಯಾರೆಂದು ಇಡೀ ಗೋರೆಗಾಂವಿಗೆ ಗೊತ್ತು. ಮಗಳು ಮುಚ್ಚಿಟ್ಟ ಹೆಸರನ್ನು ತಾನೇ ಬೀದಿಗಿಟ್ಟಿದ್ದ. ಸದಾನಂದನ ಶಾಲು ಗೋಡೆಯ ಮೇಲಿತ್ತು. ಅವನು ಮಗಳನ್ನು ಎಂದೂ ಬೇಡಿದವನಲ್ಲ. ಈಗ ದನಿ ಇಳಿಸಿ ಬೇಡಿದ. "ಇದೊಂದನ್ನ ಬರೀಲಾರ್ದ ಬಿಡವ್ವಾ. ಮೊದಲ ಬರದದ್ದು ಛಲೋನೇ ಅದಲ್ಲ. ಅಷ್ಟೇ ಇರಲಿ. ನನ್ನ ಮರ್ಯಾದಿ ಪ್ರಶ್ನೆ."

ಶಿವಕುಮಾರಿಯ ಕಣ್ಣು ತುಂಬಿತು. ಆದರೆ ದನಿ ಕದಲಲಿಲ್ಲ. "ಸೋರೋ ಬಾತ್‌ರೂಮಿನ ಮ್ಯಾಲ ಟೈಲ್ ಹಾಕಿ ಮುಚ್ಚು ಅಂತ ಯಾರಾದ್ರೂ ಅಂದ್ರ ನೀ ಮುಚ್ತಿಯೇನಪ್ಪಾ?"

ಅವನು ಕೈ ತೊಳೆದುಕೊಂಡು ಎದ್ದುಹೋದ. ಅಂದಿನಿಂದ ಮಗಳ ಜೊತೆ ಮಾತು ಬಿಟ್ಟ. ಹೇಳುವುದೇನಿದ್ದರೂ ಸೋಮವ್ವನ ಮೂಲಕ. ಮಗಳು ಅದೇ ಕೋಣೆಯಲ್ಲಿ ಕೂತಿದ್ದರೂ ಸೋಮವ್ವನ ಮೂಲಕವೇ.

ಆದರೆ ನಾಕಾದಲ್ಲಿ ನಿಂತಾಗ ಅವನಿಗೆ ನೆಮ್ಮದಿ ಇರಲಿಲ್ಲ. ಒಂದೊಂದು ಮುಖ ನೋಡಿದಾಗಲೂ ಇವನು ಕೆಂಪೋ ಬಿಳಿಯೋ ಎಂಬ ಲೆಕ್ಕ ಒಳಗೆ ಓಡುತ್ತಿತ್ತು. ಕೆಲಸ ಹಂಚುವಾಗ ದನಿ ಏರುತ್ತಿತ್ತು, ಕಾರಣವಿಲ್ಲದೆ ಗದರುತ್ತಿದ್ದ. ಕೊನೆಗೆ ತಡೆಯಲಾಗದೆ ಒಂದು ಬೆಳಿಗ್ಗೆ, ಡಬ್ಬಿಯ ಪಾಲಿಗೆ ಬಂದಿದ್ದ ನಿಂಗಣ್ಣನನ್ನು ಟಪರಿಯ ಹಿಂದಕ್ಕೆ ಕರೆದ.

"ನಿಂಗ್ಯಾ, ಖರೇ ಹೇಳು. ಡಬ್ಬ್ಯಾಗ ಯಾವ ಚೀಟಿ ಹಾಕಿದಿ?"

"ಕೆಂಪು, ಅಣ್ಣಾ! ಅದನ್ನೇನ್ ಕೇಳ್ತಿ?"

ಶರಣಬಸಪ್ಪನಿಗೆ ಹೋದ ಜೀವ ಬಂದಂತಾಯಿತು. ಅದೇ ಪಾಲಿನ ಇನ್ನೊಬ್ಬನನ್ನು ಕರೆದ. ಕೆಂಪು. ಮತ್ತೊಬ್ಬ. ಕೆಂಪು, ಅಣ್ಣನ ಆಣೆಗೂ ಕೆಂಪು. ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರನ್ನು ಕೇಳಿದ. "ಕೆಂಪುರೀ ಅಣ್ಣಾರ, ಮತ್ತೇನ್ ಹಾಕ್ತೀವಿ?" ಇವತ್ತು ಸಂಜೆ ಮಗಳ ಎದುರು ನಿಂತು, ನಿನ್ನ ಡಬ್ಬಿ ಸುಳ್ಳಾಡಿದೆ ಎಂದು ಹೇಳಿಯೇ ಬಿಡುವುದೆಂದು ಹಲ್ಲು ಕಚ್ಚಿ ಮುಂದಿನವನನ್ನು ಕರೆದ. ಅವನೂ ಕೆಂಪೆಂದ. ಅದರ ಮುಂದಿನವನೂ. ಕೇಳುತ್ತ ಕೇಳುತ್ತ ಶರಣಬಸಪ್ಪನ ದನಿ ಇಳಿಯುತ್ತ ಬಂತು. ಡಬ್ಬಿಯನ್ನು ತೆರೆದಾಗ ನಾಲ್ಕರಲ್ಲಿ ಮೂರು ಬಿಳಿಯಿದ್ದವು. ಹಾಕಿದವರು ಇವರೇ. ಈಗ ಇವನೆದುರು ನಿಂತವರಲ್ಲಿ ಒಬ್ಬನಾದರೂ ಬಿಳಿ ಎನ್ನಬೇಡವೇ? ಎಲ್ಲರೂ ಅದೇ ಮುಖ, ಅದೇ ಪ್ರೀತಿ, ಅದೇ ಉತ್ತರ. ಮಗಳು ಕೇಳಿದಾಗ ಸಿಕ್ಕಿದ್ದೇ ಅವನಿಗೂ ಸಿಕ್ಕಿತ್ತು.

ಬೇರೆಯವನಾಗಿದ್ದರೆ ಇಲ್ಲಿಗೆ ನಿಲ್ಲಿಸಿ, ತನಗೆ ಬೇಕಾದದ್ದನ್ನು ನಂಬಿಕೊಂಡು ಮನೆಗೆ ಹೋಗುತ್ತಿದ್ದ. ಶರಣಬಸಪ್ಪ ಜಂಬಗಾರನೇ ಹೊರತು ಮೋಸಗಾರನಲ್ಲ. ತಾನು ಮೇಲೆ ನಿಂತು ನೀರು ನೋಡುತ್ತಿದ್ದೇನೆಂದು ಅವನಿಗೆ ಅರ್ಥವಾಯಿತು. ಮೊದಲು ಅವಮಾನವಾಯಿತು. ಕೆಲಸಕ್ಕೆಂದು ಲೋಕಲ್ ಹತ್ತಿ ಅಂಧೇರಿ ದಾಟುವಷ್ಟರಲ್ಲಿ ಅವನಿಗೆ ಮಗಳ ಮುಖ ನೆನಪಾಯಿತು. ಎಲ್ಲರೂ ಹೌದೆಂದು ತಲೆಯಾಡಿಸುತ್ತಿದ್ದಾಗ ಖಣ ತೊಡೆಯ ಮೇಲಿಟ್ಟುಕೊಂಡು, ಇದು ಹ್ಯಾಂಗ ಖರೇ ಇರತದ ಎಂದು ಯೋಚಿಸಿದವಳು. ದೊಡ್ಡ ದೊಡ್ಡವರು ಬರೆದದ್ದನ್ನೂ, ಗೈಡ್ ಒಪ್ಪಿದ್ದನ್ನೂ, ಹೆತ್ತ ಅಪ್ಪ ಬೇಡಿದ್ದನ್ನೂ ಪಕ್ಕಕ್ಕಿಟ್ಟವಳು. ಇಷ್ಟು ವರ್ಷ ತನ್ನನ್ನು ಹೀಗೆ ಹಿಡಿದು ನೋಡಿದವರು ಯಾರೂ ಇರಲಿಲ್ಲ. ಅವನಿಗೆ ನಗು ಬಂತು. ಗರ್ದಿಯಲ್ಲಿ ಒಬ್ಬನೇ ಹೊಟ್ಟೆ ಅಲುಗುವಂತೆ ನಕ್ಕ. ಪಕ್ಕದವನು ತಿರುಗಿ ನೋಡಿದಾಗ "ಮೇರಿ ಬೇಟಿ" ಎಂದಷ್ಟೇ ಹೇಳಿದ.

ಆ ಸಂಜೆ ಶಾಲು ಮೊಳೆಯಿಂದ ಇಳಿದು ಟ್ರಂಕಿಗೆ ಹೋಯಿತು. ಮಗಳ ಕಡೆ ನೋಡದೆ, ಆದರೆ ಸೋಮವ್ವನ ಮೂಲಕವಲ್ಲದೆ, ಶರಣಬಸಪ್ಪ ಕೇಳಿದ. "ನಿನ್ನ ಪರೀಕ್ಷಾ ಎಂದು? ನಾವೆಲ್ಲಾ ಬರಬಹುದೇನು?"

ಬರಬಹುದಿತ್ತು. ಪ್ರಬಂಧದ ಕೊನೆಯ ಮೌಖಿಕ ಪರೀಕ್ಷೆ ಎಲ್ಲರೆದುರಿಗೇ ನಡೆಯುವಂಥದು, ಕೂತು ಕೇಳಲು ಯಾರಿಗೂ ಅಡ್ಡಿಯಿಲ್ಲ. ಆ ದಿನ ಫೋರ್ಟಿನಲ್ಲಿದ್ದ ಯೂನಿವರ್ಸಿಟಿಯ ಹಳೇ ಕಲ್ಲುಕಟ್ಟಡದ ಹಾಲಿನ ಹಿಂದಿನ ಸಾಲುಗಳು ನಾಕಾದ ಮಂದಿಯಿಂದ ತುಂಬಿಹೋದವು. ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಯಾಸ್ಮೀನ ಶರಣಬಸಪ್ಪನ ಪಕ್ಕ ಕೂತು ಕಿವಿಯಲ್ಲಿ ಕನ್ನಡ ಮಾಡಿ ಹೇಳಿದಳು.

ದಿಲ್ಲಿಯಿಂದ ಬಂದ ಪರೀಕ್ಷಕರು ಬೆಳ್ಳಿಕೂದಲಿನ ಹೆಂಗಸು. ನಗದೆ ಕೇಳುತ್ತಿದ್ದರು. "ಬಾಯಿ ಹೇಳಿದ್ದು ಸುಳ್ಳು, ಡಬ್ಬಿ ಹೇಳಿದ್ದು ನಿಜ ಅಂತ ನಿನಗೆ ಹೇಗೆ ಗೊತ್ತು? ಡಬ್ಬಿಗೆ ಜನ ತಮಾಷೆಗೆ ಬಿಳಿ ಹಾಕಿರಬಹುದಲ್ಲ?"

ಒಂದು ಕಾಲದಲ್ಲಿ ಈ ಪ್ರಶ್ನೆ ಶರಣಬಸಪ್ಪನಿಗೆ ಸಿಹಿಯಾಗಿರುತ್ತಿತ್ತು. ಈಗ ಅವನು ಮನಸ್ಸಿನಲ್ಲೇ ಮಗಳ ಕಡೆ ನಿಂತು, ಹೇಳವ್ವಾ ಹೇಳು ಎನ್ನುತ್ತಿದ್ದ.

ಶಿವಕುಮಾರಿ ನಿಧಾನವಾಗಿ ಹೇಳಿದಳು. ಆ ಸಂಶಯ ನನಗೂ ಬಂದಿತ್ತು. ಅದಕ್ಕೇ ಎದುರಿಗೆ ಕೂತವರಿಗೆ ಬಾಯಿಂದ, ಡಬ್ಬಿಯವರಿಗೆ ಇನ್ನೊಂದು ಸುತ್ತಿನ ಕೆಂಪು ಬಿಳಿ ಚೀಟಿಯಿಂದ ಮತ್ತೊಂದು ಪ್ರಶ್ನೆ ಕೇಳಿದ್ದೆವು, ಮುಂಬೈಯಲ್ಲಿ ಮೊದಲ ಕೆಲಸ ಸಿಕ್ಕಿದ್ದು ಮುಕಾದಮನಿಂದಲೋ ಅಲ್ಲವೋ ಎಂದು, ಹೌದಾದರೆ ಕೆಂಪು. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಬಾಯಿಯೂ ಡಬ್ಬಿಯೂ ಅಲ್ಲಿ ಒಂದೇ ಉತ್ತರ ಕೊಟ್ಟವು, ಹೌದು, ಮುಕಾದಮನಿಂದಲೇ ಎಂದು. ತಮಾಷೆಗೆ ಬಿಳಿ ಹಾಕುವವರಾಗಿದ್ದರೆ ಅಲ್ಲೂ ಹಾಕುತ್ತಿದ್ದರು. ವೋಟಿನ ಮಾತು ಬಂದಾಗ ಮಾತ್ರ ಬಾಯಿ ಒಂದು ದಾರಿ, ಡಬ್ಬಿ ಒಂದು ದಾರಿ.

ಪರೀಕ್ಷಕರು ತಲೆಯಾಡಿಸಿದರು. ಮುಂದಿನ ಪುಟ ತಿರುವಿ ಕೇಳಿದರು. "ಡಬ್ಬಿ ಇಡುವ ಮೊದಲೇ ನಿನ್ನ ಊಹೆ ಬರೆದುಕೊಟ್ಟಿದ್ದೀಯಲ್ಲ. ಮುಕಾದಮನ ಮಾತೇ ನಿಲ್ಲುತ್ತದೆ ಅಂತ ಬರೆದಿದ್ದೀ. ಅಂದರೆ ನೀನು ಸೋತೆ."

"ಹೌದು, ನನ್ನ ಊಹೆ ಸೋತಿತು" ಎಂದಳು ಶಿವಕುಮಾರಿ. "ಆತನ ಮಾತಿನ ಮೇಲೆ ನನಗೆ ನಂಬಿಕೆ ಇತ್ತು."

ಯಾಸ್ಮೀನ ಇದನ್ನು ಕಿವಿಯಲ್ಲಿ ಹೇಳಿದಾಗ ಶರಣಬಸಪ್ಪ ಟೋಪಿ ತೆಗೆದು ಮುಖ ಒರೆಸಿಕೊಂಡ. ಮಗಳು ತನ್ನನ್ನು ಬೀಳಿಸಲು ಹೊರಟವಳೆಂದು ಇಷ್ಟು ದಿನ ಒಳಗೊಳಗೇ ಕೊರಗಿದ್ದ. ಅವಳೋ ಅಪ್ಪನ ಮಾತಿನ ಮೇಲೆಯೇ ಪಂಥ ಕಟ್ಟಿ, ಸೋತು, ಸೋತದ್ದನ್ನು ಹಾಗೇ ಬರೆದಿದ್ದಳು.

ಪರೀಕ್ಷಕರು ಮತ್ತೆ ಕೇಳಿದರು. "ಮನೆಮನೆಗೆ ಹೋಗಿ ಎದುರಿಗೆ ಕೇಳಿ ಬರೆದ, ತಪ್ಪಾದ ಮೊದಲ ಅಧ್ಯಾಯವನ್ನು ಯಾಕೆ ಉಳಿಸಿಕೊಂಡೆ? ತೆಗೆದುಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ."

"ನಾನು ಎಲ್ಲಿ ಎಡವಿದೆ ಅಂತ ಮುಂದೆ ಬರುವವರಿಗೆ ಗೊತ್ತಾಗಬೇಕು, ಮೇಡಂ. ನನ್ನ ಹಾಗೆ ಅವರೂ ಯಾರದೋ ಮನೆ ಮಗಳೇ ಆಗಿರುತ್ತಾರೆ."

ಪರೀಕ್ಷಕರು ಕನ್ನಡಕ ತೆಗೆದಿಟ್ಟರು. ಮೊದಲ ಬಾರಿಗೆ ನಕ್ಕರು. ಸಭೆಯಲ್ಲಿ ಯಾರಾದರೂ ಪ್ರಶ್ನೆ ಕೇಳುವುದಿದೆಯೇ ಎಂದರು. ಇಂಥ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ, ಅದು ಬರೀ ಶಾಸ್ತ್ರ. ಹಿಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು. ಶರಣಬಸಪ್ಪ ಎದ್ದು ನಿಂತಿದ್ದ.

"ನಮಸ್ಕಾರ್ರೀ. ಈ ಪುಸ್ತಕದಾಗ ಒಬ್ಬ ಮುಕಾದಮ ಅಂತ ಬರತದಲ್ರೀ, ಮಂದಿ ಯಾರ ಮಾತ ಕೇಳಂಗಿಲ್ಲೋ ಅಂವಾ, ಅಂವಾ ನಾನ."

ಯಾಸ್ಮೀನ ಇಂಗ್ಲಿಷಿಗೆ ತಿರುಗಿಸಿದಳು. ಹಾಲಿನಲ್ಲಿ ನಗೆಯೆದ್ದಿತು, ಗೈಡ್ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು. ನಾಕಾದ ಮಂದಿ ಮಾತ್ರ ನಗಲಿಲ್ಲ. ತಮ್ಮ ಮುಕಾದಮ ಇಂಥ ಮಾತನ್ನು ತನ್ನ ಬಾಯಿಂದ ಆಡಿದ್ದನ್ನು ಅವರು ಕೇಳಿಯೇ ಇರಲಿಲ್ಲ.

"ನನ್ನದೊಂದ ಪ್ರಶ್ನೆ ಅದ. ನನ್ನ ಮಾತ ಕೇಳಿಲ್ಲ, ಖರೇ. ನಾನೂ ನಾಕಾದಾಗ ಕೇಳಿ ನೋಡೀನಿ, ಎಲ್ಲಾರೂ ನನ್ನ ಮಾರಿ ನೋಡಿ ಕೆಂಪಂದ್ರು, ಅವತ್ತೇ ನನಗ ತಿಳೀತು. ಆದ್ರ ನನ್ನ ಮಾತ ಕೇಳಿಲ್ಲಂದ್ರ, ಮಂದಿ ಮತ್ತ ಯಾರ ಮಾತ ಕೇಳ್ಯಾರ?"

ಶಿವಕುಮಾರಿ ಅಪ್ಪನನ್ನೇ ನೋಡುತ್ತ ನಿಂತಳು. ಉತ್ತರ ಕನ್ನಡದಲ್ಲೇ ಬಂತು.

"ಗೊತ್ತಿಲ್ಲಪ್ಪಾ. ಡಬ್ಬಿ ಎಷ್ಟು ಹೇಳೇದೋ ಅಷ್ಟೇ ನನಗ ಗೊತ್ತು. ಅದಕ್ಕಿಂತ ಜಾಸ್ತಿ ಹೇಳಿದ್ರ ಸುಳ್ಳ ಆಗತದ."

ಅಷ್ಟು ಜನ ವಿದ್ವಾಂಸರ ನಡುವೆ, ಡಾಕ್ಟರ್ ಆಗಲು ಗಳಿಗೆ ಉಳಿದಿದ್ದಾಗ, ಗೊತ್ತಿಲ್ಲ ಎಂದು ತಲೆಯೆತ್ತಿ ಹೇಳಿದ ಮಗಳು! ಶರಣಬಸಪ್ಪ ತನ್ನ ಜನ್ಮದಲ್ಲಿ ಆ ಮಾತನ್ನು ನಾಲ್ಕು ಜನರೆದುರು ಆಡಿದವನಲ್ಲ. ದಿಲ್ಲಿಯ ಪರೀಕ್ಷಕರು ಅವನ ಪ್ರಶ್ನೆಯನ್ನು ಬರೆದುಕೊಳ್ಳುತ್ತಿರುವುದು ಕಾಣಿಸಿತು. ಈ ಪ್ರಶ್ನೆಯಿಂದ ಇನ್ನೊಬ್ಬರ ಪ್ರಬಂಧ ಶುರುವಾಗಬೇಕು ಎಂದು ಅವರು ಅಂದದ್ದನ್ನು ಯಾಸ್ಮೀನ ಹೇಳಿದಳು. ಪದವಿ ಕೊಡಬಹುದೆಂದು ಘೋಷಿಸಿದಾಗ ನಾಕಾದ ಮಂದಿ ಹೊಡೆದ ಚಪ್ಪಾಳೆಗೆ ಹೊರಗಿನ ವಾಚ್‌ಮನ್ ಒಳಗೆ ಬಂದು ನೋಡಿಹೋದ.

ಆಮೇಲೆ ಎಲ್ಲರೂ ಅಲ್ಲೇ ಹತ್ತಿರದ ಉಡುಪಿ ಹೋಟೆಲಿಗೆ ಹೋದರು. ಮೇಡಂಗಳು, ಪರೀಕ್ಷಕರು, ನಾಕಾದ ಮಂದಿ ಎಲ್ಲ ಮೇಜುಗಳನ್ನು ಕೂಡಿಸಿಕೊಂಡು ಕೂತರು. ದೋಸೆ ಬಂದಾಗ ನಿಂಗಣ್ಣ ಶರಣಬಸಪ್ಪನ ಹತ್ತಿರಕ್ಕೆ ಸರಿದು ಕೂತ. ಬಹಳ ಹೊತ್ತು ತಟ್ಟೆಯಲ್ಲಿ ಚಟ್ನಿಯನ್ನೇ ಕಲಸುತ್ತಿದ್ದ.

"ಅಣ್ಣಾ, ಸಿಟ್ಟಾಗಬ್ಯಾಡ. ಅವತ್ತ ಕೆಂಪಂದಿದ್ದೆ. ನಾ ಹಾಕಿದ್ದು ಬಿಳಿ."

ಶರಣಬಸಪ್ಪ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಈಗ್ಯಾಕ ಹೇಳಾಕತ್ತಿ?"

"ಇವತ್ತ ನೀ ಭಾಳ ಖುಷಿ ಅದಿ. ಹೇಳಿದ್ರ ಇನ್ನಾ ಖುಷಿ ಆಗ್ತಿ ಅಂತ."

"ಅವತ್ತ ಕೆಂಪಂದಿದ್ದೂ ನನ್ನ ಖುಷಿಗೇ, ಇವತ್ತ ಬಿಳಿ ಅನ್ನೋದೂ ನನ್ನ ಖುಷಿಗೇ. ಎರಡೂ ನನ್ನ ಮಾರಿ ನೋಡೇ ಹೇಳೀದಿ. ನಾ ಯಾವದನ್ನ ನಂಬ್ಲಿ, ನಿಂಗ್ಯಾ?"

ಎದುರಿನ ಸಾಲಿನಲ್ಲಿ ಪರೀಕ್ಷಕರ ಪಕ್ಕ ಕೂತಿದ್ದ ಶಿವಕುಮಾರಿಗೆ ಅದು ಕೇಳಿಸಿತ್ತು. ಅವಳು ಚಹಾದ ಲೋಟ ಕೆಳಗಿಟ್ಟು, ಅಪ್ಪನ ಕಡೆ ಕೈ ತೋರಿಸಿ, ಹೋಟೆಲಿಗೆಲ್ಲ ಕೇಳುವಂತೆ ಹೇಳಿದಳು. "ಮೇಡಂ, ಇವ್ರು ನಮ್ಮಪ್ಪ. ಪುಸ್ತಕದಾಗ ಹಾಕಲಾರ್ದ ಹೆಸರು, ಶರಣಬಸಪ್ಪ."